ಬಾಯಿ ಬಿಟ್ಟರೆ ಮೈನಸ್

ಕಾಗವಾಡದ ವೃಷಭ ಸರ್‌ಗೆ ಜೀವನದಲ್ಲಿ ಎರಡು ಪ್ರೀತಿ. ಒಂದು ಮೈನಸ್ ಅಂಕ, ಇನ್ನೊಂದು ಸ್ನೇಹಲ ಟೀಚರ್. ಮೊದಲನೆಯದನ್ನು ಊರಿಗೆಲ್ಲ ಸಾರಿದ್ದ. ಎರಡನೆಯದನ್ನು ಸ್ನೇಹಲಳಿಗೂ ಹೇಳಿರಲಿಲ್ಲ.

ಇಬ್ಬರೂ ಒಂದೇ ಟ್ಯೂಷನ್ ಕ್ಲಾಸಿನಲ್ಲಿದ್ದರು. ಅವನು ಗಣಿತ, ಅವಳು ವಿಜ್ಞಾನ. ವೃಷಭನ ಪರೀಕ್ಷೆಯಲ್ಲಿ ಸರಿ ಉತ್ತರಕ್ಕೆ ಒಂದು ಅಂಕ, ತಪ್ಪಿಗೆ ಒಂದು ಕಡಿತ, ಖಾಲಿ ಬಿಟ್ಟರೆ ಏನೂ ಇಲ್ಲ. “ಪಕ್ಕಾ ಗೊತ್ತಿದ್ರ ಅಷ್ಟ ಉತ್ತರ. ಇಲ್ಲಂದ್ರ ಖಾಲಿ ಬಿಡ್ರಿ” ಎಂದು ದಿನಾ ಪ್ರಾರ್ಥನೆಯ ಹಾಗೆ ಹೇಳಿಸುತ್ತಿದ್ದ. ಮಕ್ಕಳು ಎಷ್ಟು ಪಳಗಿದ್ದರೆಂದರೆ, ಹಾಜರಿ ಕೂಗಿದರೂ ಒಮ್ಮೆ ಯೋಚಿಸಿಯೇ “ಎಸ್ ಸರ್” ಅನ್ನುತ್ತಿದ್ದರು.

ಅವನ ಬದುಕೂ ಅದೇ ನಿಯಮದ ಮೇಲೆ ನಡೆಯುತ್ತಿತ್ತು. ಸಂಜೆ ಸ್ನೇಹಲ ಶಿರಗುಪ್ಪಿ ಬಸ್ಸಿಗೆ ಹೊರಡುತ್ತ “ಬರ್ತೇನ್ರಿ ಸರ್” ಅಂದಾಗ ಎದೆಯಲ್ಲಿ ಪುಟಗಟ್ಟಲೆ ಮಾತು ಏಳುತ್ತಿತ್ತು. ಬಾಯಿಂದ ಬರುತ್ತಿದ್ದುದು ಬರೀ “ಹ್ಞೂಂ”. ಅವಳು ಹೋದ ಮೇಲೆ ಅವಳ ಖಾಲಿ ಕುರ್ಚಿ ನೋಡುತ್ತ, ಕಸ ಗುಡಿಸುವವಳು ಎಬ್ಬಿಸುವ ತನಕ ಕೂತಿರುತ್ತಿದ್ದ.

ಈ ಸಂಕಟ ನೋಡಲಾರದೆ ಇಂಗ್ಲಿಷಿನ ಸುಧೀರ ಸರ್ ತಾನೇ ಶಿರಗುಪ್ಪಿಗೆ ಹೋಗಿ ಅವಳ ಮನೆಯಲ್ಲಿ ಮಾತೆತ್ತಿ ಬಂದ. “ವಿಚಾರಣೆ ಮಾಡಿ ಹೇಳ್ತೀವಿ ಅಂದಾರ. ಯಾರರ ಬಂದು ನಿಮ್ಮ ಬಗ್ಗೆ ಕೇಳ್ತಾರ, ಹುಷಾರಾಗಿರ್ರಿ” ಎಂದ. ಹುಡುಗನ ಬಗ್ಗೆ ಕೆಟ್ಟದ್ದನ್ನು ಈ ಕಡೆ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಕೇಳಿದಾಗ ಸುಮ್ಮನಾದರೆ ಸಾಕು, ಸಂಬಂಧ ಅಲ್ಲಿಗೇ ಮುರಿಯಿತು.

ಹಾಗಾಗಿ ವೃಷಭ ಮನೆ ಮಾಲಕಿ ಸುಂದ್ರವ್ವನಿಗೆ ಹೇಳಬೇಕಾದ್ದನ್ನೆಲ್ಲ ಬಾಯಿಪಾಠ ಮಾಡಿಸಿದ. ಮರುದಿನ ಬೆಳಿಗ್ಗೆ ಅವಳು ಕರೆಂಟ್ ಬಿಲ್ ಕೊಡಲು ಬಂದವನನ್ನೇ ವಿಚಾರಣೆಯವನೆಂದು ತಿಳಿದು ಕೂಡಿಸಿಕೊಂಡು ಶುರುಮಾಡಿದಳು. “ಹುಡುಗ ಬಂಗಾರದಂಥಾವ ನೋಡ್ರಿ. ಪಕ್ಕಾ ಜೈನರ ಹುಡುಗ, ಹೊತ್ತ ಮುಳುಗಿದ ಮ್ಯಾಲೆ ಒಂದ ತುತ್ತ ತಿನ್ನಂಗಿಲ್ಲ. ಅಡಕಿ ಸೈತ ಮುಟ್ಟಂಗಿಲ್ಲ.” ಎದ್ದೇಳಲು ನೋಡಿದಷ್ಟೂ ಸಲ ಅವನಿಗೆ ಚಹಾ ಬಂತು. ಕಡೆಗೆ ಅವನು, “ನನಗ ಇರಾವ್ರೆಲ್ಲಾ ಗಂಡುಮಕ್ಕಳ, ಯವ್ವಾ” ಎಂದು ಕೈಮುಗಿದು ಓಡಿದ.

ಕ್ಲಾಸಿಗೆ ಬಂದರೆ ಸುಧೀರ ಬಾಗಿಲಲ್ಲೇ ಹಿಡಿದ. “ನಿನ್ನೆ ಕೋಮಲಾಗ ಮೈನಸ್ ಒಂಬತ್ತು ಕೊಟ್ಟೀರಂತ. ಅವರಜ್ಜ ಜಗಳಕ್ಕ ಬರಾಕತ್ತಾನ.”

ಸ್ವಲ್ಪ ಹೊತ್ತಿಗೇ ಬಿಳಿ ಟೋಪಿಯ ಮುದುಕನೊಬ್ಬ ಬಂದು ನಿಂತ. “ಗಣಿತದ ಸರ್ ನೀವೇನ್ರಿ?”

“ಹೌದ್ರಿ ಅಜ್ಜಾರ. ನೀವು ಬರೂದು ಗೊತ್ತಿತ್ತು, ಬರ್ರಿ.”

“ಹುಡುಗುರ್ನ ನಾಕ ಮಾತ ಕೇಳೂದೈತಿ. ನೀವ ಒಂದೀಟು ಹೊರಗ ನಿಲ್ರಿ.”

ವೃಷಭ ಧೈರ್ಯವಾಗಿ ಹೊರಗೆ ನಿಂತು ಕಿಟಕಿಯಲ್ಲಿ ನೋಡಿದ. ಮುದುಕ ಒಬ್ಬೊಬ್ಬರ ಮುಂದೆ ಬಾಗಿ ಏನೋ ಕೇಳುತ್ತಿದ್ದ. ಮಕ್ಕಳು ತುಟಿ ಹೊಲಿದುಕೊಂಡವರ ಹಾಗೆ ಕೂತಿದ್ದರು. ತನ್ನ ಶಿಸ್ತು ಕಂಡು ಅವನಿಗೇ ಹೆಮ್ಮೆಯಾಯಿತು.

“ಒಬ್ಬಾವೂ ಬಾಯಿ ಬಿಡವಲ್ಲಲ್ರಿ” ಎನ್ನುತ್ತ ಮುದುಕ ಹೊರಬಂದ.

“ಬಿಡಂಗಿಲ್ರಿ ಅಜ್ಜಾರ. ನನ್ನ ಅಂಜಿಕಿ ಹಂಗೈತಿ. ಬಾಯಿ ಬಿಟ್ರ ಮೈನಸ್.”

ಮುದುಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ತರಿಸಿದ ಚಹಾ ಮುಟ್ಟದೆ ಹೋದ. ಜಗಳ ಇಷ್ಟು ಸಲೀಸಾಗಿ ಮುಗಿದ ಖುಷಿಯಲ್ಲಿ ಆ ಚಹಾವನ್ನು ವೃಷಭನೇ ಕುಡಿದ.

ಮಧ್ಯಾಹ್ನದ ಮೇಲೆ ಇನ್ನೊಬ್ಬ ಮುದುಕ ಬಡಿಗೆ ಕುಟ್ಟುತ್ತ ಒಳಗೆ ನುಗ್ಗಿದ. “ನಾ ಬಾಳಾಸಾಬ, ಕೋಮಲಾನ ಅಜ್ಜ. ಇಲ್ಲಿಗೆ ಬರೂಕಿಂತ ಮೊದ್ಲ ನಮ್ಮ ಹುಡುಗಿಗೆ ಏನೂ ಬರ್ತಿರ್ಲಿಲ್ಲ, ಒಪ್ಪಗೋತೇನಿ. ಆದ್ರ ಸೊನ್ನಿಕಿಂತ ಕಡಿಮಿ ಇರ್ಲಿಲ್ಲಲ್ಲೋ ಮಾಸ್ತರಾ. ಆಕೀ ತಲ್ಯಾಗಿಂದ ಅದೇನ ತಗದಿ, ಹೇಳು.”

ವೃಷಭನಿಗೆ ಆ ಬೈಗುಳ ಕೇಳಿಸಲೇ ಇಲ್ಲ. ಹಾಗಾದರೆ ಬೆಳಿಗ್ಗೆ ಬಂದವರು ಯಾರು? ಕ್ಲಾಸು ಬಿಟ್ಟೊಡನೆ ಬಸ್ ಸ್ಟ್ಯಾಂಡಿಗೆ ಓಡಿದ.

ಸ್ನೇಹಲ ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದಳು. ಕಣ್ಣು ಕೆಂಪಾಗಿದ್ದವು.

“ಮುಂಜಾನೆ ಬಂದಾವ್ರು...”

“ನಮ್ಮ ಉತ್ತಮ ಕಾಕಾ. ಓಣಿ ಮಂದೀಗೆ ಕಲಿಸಿಟ್ಟಿರ್ತಾರ, ಸಣ್ಣ ಹುಡುಗುರು ಸುಳ್ಳ ಹೇಳಂಗಿಲ್ಲ ಅಂತ ಸೀದಾ ಕ್ಲಾಸಿಗೇ ಬಂದ್ರು. ನಿಮ್ಮ ಸರ್ ಛಲೋ ಮನಶ್ಯಾ ಏನು ಅಂತ ಕೇಳಿದ್ರ ಒಬ್ರೂ ಹೂಂ ಅನ್ಲಿಲ್ಲಂತ. ಕೋಮಲ ಬಾಯಿ ತಗದಿದ್ಳಂತ, ಬಾಜೂದಾಕಿ ಚಿವುಟಿ ಸುಮ್ಮನ ಮಾಡಿದ್ಳಂತ.”

“ನಿಮಗಾದ್ರೂ ನಾ ಹೆಂಥಾವ ಅಂತ ಗೊತ್ತಿತ್ತಲ್ರಿ. ಕಾಕಾಗ ಒಂದ ಮಾತ ಹೇಳಬಹುದಿತ್ತಲ್ಲ.”

“ಮಧ್ಯಾಹ್ನ ಕಾಕಾನ ಫೋನ್ ಮಾಡಿ ಕೇಳಿದ್ರು. ಆ ಮಾಸ್ತರಗ ನಿನ್ನ ಮ್ಯಾಲೆ ಖರೇನ ಮನಸೈತೇನವಾ, ಇದ್ರ ಹೇಳು, ಉಳದದ್ದು ನಾ ನೋಡ್ಕೋತೇನಿ ಅಂದ್ರು.” ಅವಳು ಕಿಟಕಿಯ ಸರಳು ಹಿಡಿದಳು. “ನೀವು ಎಂದೂ ಹೇಳಿರ್ಲಿಲ್ಲ. ಮಾತು ತಂದಾವ್ರೂ ಸುಧೀರ ಸರ್. ಪಕ್ಕಾ ಗೊತ್ತಿಲ್ಲಂದ್ರ ಏನ ಮಾಡಬೇಕಂತ ನೀವ ಕಲಿಸೀರಿ. ಖಾಲಿ ಬಿಟ್ಟೆ. ಕಾಕಾ ಕೊಗನೊಳ್ಳಿಯ ಬ್ಯಾರೆ ಹುಡುಗನ ಮನಿಯವ್ರಿಗೆ ಮಾತ ಕೊಟ್ರು.”

ಕಂಡಕ್ಟರ್ ಸೀಟಿ ಊದಿದ.

“ಈಗರ ಹೇಳ್ರಿ ಸರ್. ಮನಸ್ಸಿತ್ತೇನು?”

ವೃಷಭ ತುಟಿ ಸವರಿಕೊಂಡ. ಒಂದು ಸಲ ಯೋಚಿಸಿದ. ಅಷ್ಟರಲ್ಲಿ ಬಸ್ಸು ತಿರುವು ದಾಟಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಮರೆಯಾಯಿತು.

“ಭಾಳ ಇತ್ತು” ಎಂದ ಆಮೇಲೆ, ಗಟ್ಟಿಯಾಗಿ.

ಪಕ್ಕದಲ್ಲಿ ಸೇಂಗಾ ಮಾರುತ್ತಿದ್ದ ಮುದುಕಿಯೊಬ್ಬಳೇ ತಲೆಯೆತ್ತಿ ನೋಡಿದಳು. ಅವನ ಮುಖ ಕಂಡು ಅವಳಿಗೆ ಅಯ್ಯೋ ಅನಿಸಿತು. “ಮುಂಜಾನಿಂದ ಏನೂ ತಿಂದಿಲ್ಲೇನಪಾ? ಒಂದ ಪುಡಿಕಿ ಕಟ್ಲೇನು?”

ವೃಷಭನಿಗೆ ಅದೂ ಪಕ್ಕಾ ಗೊತ್ತಿರಲಿಲ್ಲ.