ಪೊದೆಗಾಡಿನಲ್ಲಿ ಪಳೆಯುಳಿಕೆ, ಮಾರಿಸ್‌ವಿಲ್‌ನಲ್ಲಿ ಪೇಚಾಟ

ಮ್ಯೂಸಿಯಂ ಕೆಲಸ ಅಂದರೆ ಗಾಜಿನ ಪೆಟ್ಟಿಗೆ, ಪಿಸುಮಾತು, ಗಾಂಭೀರ್ಯ ಅಂತ ಜನ ಅಂದುಕೊಂಡಿದ್ದಾರೆ. ನಾನು ಮಾತ್ರ ನಗೆಪಾಟಲಾಗದೆ ಒಂದು ವರ್ಷವನ್ನೂ ಕಳೆದದ್ದಿಲ್ಲ. ಆಗ ನಾವು ನಾರ್ತ್ ಕೆರೊಲಿನಾದ ಮಾರಿಸ್‌ವಿಲ್‌ನಲ್ಲಿದ್ದೆವು. ಪ್ರತಿ ಬೇಸಿಗೆ ನಮ್ಮ ತಂಡ ವಯೋಮಿಂಗ್‌ಗೆ ಹೋಗುತ್ತಿತ್ತು. ಅಲ್ಲಿ ಕಣ್ಣು ಹಾಯಿಸಿದಷ್ಟೂ ಗುಡ್ಡ, ಕೊರಕಲು, ಸೇಜ್‌ಬ್ರಷ್ ಅನ್ನುವ ಮೊಣಕಾಲೆತ್ತರದ ಬೂದು ಪೊದೆ. ಅದರ ನಡುವೆ ತಲೆತಗ್ಗಿಸಿ ನಡೆಯುತ್ತಾ, ಕೋಟ್ಯಂತರ ವರ್ಷಗಳ ಹಿಂದಿನ ಪ್ರಾಣಿಗಳ ಕುರುಹು ಹುಡುಕುವುದು ನಮ್ಮ ಸರ್ವೆ.

ನಾಲಿಗೆ ಪರೀಕ್ಷೆ

ಕಲ್ಲೋ ಎಲುಬೋ ಗೊತ್ತಾಗದಿದ್ದರೆ ನಾಲಿಗೆ ತಾಗಿಸಿ ನೋಡುತ್ತೇವೆ. ಹಳೆಯ ಎಲುಬಿನಲ್ಲಿ ಸಣ್ಣ ಸಣ್ಣ ತೂತುಗಳಿರುವುದರಿಂದ ನಾಲಿಗೆಗೆ ಅಂಟುತ್ತದೆ. ಒಂದು ವರ್ಷ ಜಾರ್ಜಿಯಾದ ಕಮ್ಮಿಂಗ್‌ನಿಂದ ಒಬ್ಬ ಕನ್ನಡದ ಅಂಕಲ್ ವಾಲಂಟಿಯರ್ ಆಗಿ ಬಂದರು. ರಿಟೈರ್ ಆದ ಹಲ್ಲಿನ ಡಾಕ್ಟರು. ಪಾಠ ಹೇಳಿಕೊಟ್ಟ ಅರ್ಧ ಗಂಟೆಗೆ ಓಡಿ ಬಂದರು. ನಾಲಿಗೆ ಹೊರಗೆ, ಅದರ ತುದಿಯಲ್ಲಿ ಬಿಳಿ ಚೂರೊಂದು ನೇತಾಡುತ್ತಿದೆ.

"ಅಂಥಿಥು! ಅಂಥಿಥು!"

"ಅಂಟಿದೆ ಅಂಕಲ್, ಆದ್ರೆ ಅದು ಎಲುಬಲ್ಲ. ಹೋದ ವರ್ಷ ಎಲುಬು ಸಾಗಿಸುವಾಗ ಒಡೀದಿರಲಿ ಅಂತ ನಾವು ಸುತ್ತಿದ್ದ ಪ್ಲಾಸ್ಟರ್ ಚೂರು."

ಅವರು ಅದನ್ನು ಕಿತ್ತು ತೆಗೆದು, ನೀರು ಕುಡಿದು ಹೇಳಿದರು: "ಮೂವತ್ತು ವರ್ಷ ಊರಿನವರ ಹಲ್ಲಿಗೆಲ್ಲ ಪ್ಲಾಸ್ಟರ್ ಅಚ್ಚು ಹಾಕಿದ್ದೆ ಕಣಮ್ಮ. ಇವತ್ತು ನನ್ನ ಪಾಳಿ."

ಅರವತ್ತು ಬಾವುಟ

ಆಗಿನ್ನೂ ಫೋನ್‌ನಲ್ಲಿ ಮ್ಯಾಪ್ ಬಂದಿರಲಿಲ್ಲ. ಏನಾದರೂ ಸಿಕ್ಕಿದ ಕಡೆ ಪುಟ್ಟ ಕಿತ್ತಳೆ ಬಾವುಟ ನೆಡುತ್ತಿದ್ದೆವು. ಒಮ್ಮೆ ನನ್ನ ಯಜಮಾನರೂ ರಜೆ ಹಾಕಿ ಬಂದರು. ಹುಬ್ಬಳ್ಳಿಯವರು, ಅರಿವಳಿಕೆ ಡಾಕ್ಟರು. ಅರವತ್ತು ಬಾವುಟದ ಕಟ್ಟು ಕೊಟ್ಟು ಆಚೆ ಗುಡ್ಡಕ್ಕೆ ಕಳಿಸಿದೆ.

ಸಂಜೆ ನೋಡಿದರೆ ಗುಡ್ಡದ ತುಂಬ ಬಾವುಟ! ಇಡೀ ಬೇಸಿಗೆ ನಮಗೆ ಹತ್ತು ಸಿಕ್ಕರೆ ಹೆಚ್ಚು. ನಮ್ಮ ಬಾಸ್ ಖುಷಿಯಿಂದ ಹ್ಯಾಟ್ ಎಸೆದುಬಿಟ್ಟರು. ಎಂಟು ಜನ ಕ್ಯಾಮೆರಾ, ಬ್ರಷ್ಷು ಹಿಡಿದು ಹತ್ತಿದೆವು. ಮೊದಲ ಬಾವುಟದ ಬುಡದಲ್ಲಿ ಏನಿಲ್ಲ. ಎರಡನೆಯದರಲ್ಲೂ ಇಲ್ಲ. ಹದಿನೈದನೆಯದಕ್ಕೆ ಬಂದಾಗ ನಾನು ಯಜಮಾನರ ಮುಖ ನೋಡಿದೆ.

"ರೀ, ಇಲ್ಲೇನು ಸಿಕ್ತು ನಿಮಗೆ?"

"ಸಿಗೋದೇನು? ವಾಪಸ್ ಬರೋ ದಾರಿ ತಪ್ಪಬಾರದು ಅಂತ ನೆಟ್ಕೋತ ಹೋದೆ."

ಬಾಸ್ ಕೇಳಿದರು, ಏನಂತೆ? ನಾನು ಇಂಗ್ಲಿಷಿನಲ್ಲಿ ಹೇಳಿದೆ: "ಇದು ಗಂಡ ಅನ್ನೋ ಪ್ರಾಣಿ ನಡೆದು ಹೋದ ಗುರುತಂತೆ ಸರ್."

ಸಾಲಿಗ್ರಾಮ

ಮಾವನವರು ಹುಬ್ಬಳ್ಳಿಯಿಂದ ಆರು ತಿಂಗಳಿಗೆ ಬಂದಿದ್ದರು. ನಿತ್ಯ ಪೂಜೆಯ ಸಾಲಿಗ್ರಾಮವನ್ನು ಊರಲ್ಲೇ ಬಿಟ್ಟು ಬಂದದ್ದಕ್ಕೆ ಅವರಿಗೆ ದಿನಾ ಕೊರಗು.

ಒಂದು ಶನಿವಾರ ಆಫೀಸಿನಿಂದ ಮನೆಗೆ ಬಂದರೆ ಅವರ ಮುಖದಲ್ಲಿ ಕಳೆಯೋ ಕಳೆ. ಪರಿಚಯದ ನಾಲ್ಕು ಮನೆಯವರು ಬೇರೆ ಬಂದು ಸಾಲಾಗಿ ಕೂತಿದ್ದಾರೆ. ಮಾವ ನನ್ನ ಕೈಗೂ ಮೂರು ಉದ್ಧರಣೆ ತೀರ್ಥ ಹಾಕಿದರು. ಭಕ್ತಿಯಿಂದ ಕುಡಿದು ಕೈ ತಲೆಗೆ ಒರೆಸಿಕೊಂಡೆ. ಆಮೇಲೆ ತಟ್ಟೆ ನೋಡಿದೆ. ತುಳಸಿಯ ನಡುವೆ, ಹಾಲಲ್ಲಿ ಮಿಂದು, ಗಂಧ ಹಚ್ಚಿಕೊಂಡು ಕೂತಿದೆ ಕಪ್ಪನೆಯ ಗುಂಡು ಕಲ್ಲು. ವಯೋಮಿಂಗ್‌ನಿಂದ ತಂದು, ಕ್ಲೀನ್ ಮಾಡಲೆಂದು ನಾನು ಗರಾಜಿನ ಮೇಜಿನ ಮೇಲೆ ಇಟ್ಟಿದ್ದ ಕಲ್ಲು! ಸೋಮವಾರ ಅದನ್ನು ಮ್ಯೂಸಿಯಂಗೆ ಒಪ್ಪಿಸಬೇಕು.

ಅತಿಥಿಗಳು ಹೋಗುವವರೆಗೂ ಹಲ್ಲು ಕಚ್ಚಿಕೊಂಡಿದ್ದೆ.

"ಮಾವ, ಆ ಕಲ್ಲು..."

"ಗರಾಜಿನ್ಯಾಗ ಸಿಕ್ತವ್ವಾ. ನನಗಂತನ ತರಿಸೀದಿ ಅಂತ ಗೊತ್ತಾತು. ನಾಕ ದಿನಾ ಆತು, ದಿನಾ ಅಭಿಷೇಕ."

"ಅದು ಸಾಲಿಗ್ರಾಮ ಅಲ್ಲ ಮಾವ. ಅದು... ಕಲ್ಲಾಗಿರೋ ಲದ್ದಿ."

ಮಾವ ಪಂಚೆ ಸರಿಮಾಡಿಕೊಂಡು ಸೋಫಾದಲ್ಲಿ ಕೂತರು.

"ಯಾವ ಪ್ರಾಣೀದು?"

"ಮೊಸಳೇದು."

ಕಣ್ಣು ಮುಚ್ಚಿ ಯೋಚಿಸಿದರು. ಮುಖ ಮೆಲ್ಲಗೆ ಅರಳಿತು.

"ಮೊಸಳಿ ಅಂದ್ರ ಗಂಗಾದೇವಿ ವಾಹನ. ಹಂಗಾದ್ರ ನಡೀತದ ಬಿಡು."

ನಾನು ಉಸಿರು ಬಿಟ್ಟೆ. ಮಾವ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು: "ಆದ್ರ ತೀರ್ಥ ತಗೊಂಡವರಿಗೆ ಹೇಳಬ್ಯಾಡ. ಅವರು ನನ್ನಷ್ಟು ಶಾಸ್ತ್ರ ಓದಿಲ್ಲ."