ಖಾಲಿ ಹೋಗದ ತಟ್ಟೆ

ಎಲ್ಲ ರಗಳೆಗೂ ಮೂಲ ಒಂದು ತಟ್ಟೆ. ಹಸಿರು ಅಂಚಿನ, ಒಂದು ಕಡೆ ಚಕ್ಕೆ ಎದ್ದ ಪಿಂಗಾಣಿ ತಟ್ಟೆ. ಹಬ್ಬದ ಹಿಂದಿನ ದಿನ ಸಂಜೆ ಪಕ್ಕದ ಮನೆಯ ರಸೀದಾ ಅದರ ತುಂಬ ತೆಂಗಿನಹಾಲಲ್ಲಿ ಬತ್ತಿಸಿದ ರೆಂದಾಂಗ್ ಮಾಂಸ ಹಾಕಿ ಸಲ್ಬಿಯಾಳ ಮನೆಗೆ ಕೊಟ್ಟುಹೋಗಿದ್ದಳು. ಕುಚಿಂಗ್ ಪಟ್ಟಣದ ಎದುರು, ನದಿಯಾಚೆಯ ತಿರಾಮ್ ಹಳ್ಳಿಯಲ್ಲಿ ತುಂಬಿ ಬಂದ ತಟ್ಟೆ ಖಾಲಿ ವಾಪಸ್ಸು ಹೋಗುವಂತಿಲ್ಲ. ಹಾಗೆ ಕಳಿಸಿದ ಮನೆಯವರ ವಿಷಯವನ್ನು ಮೊಮ್ಮಕ್ಕಳ ಮದುವೆಯಲ್ಲೂ ಎತ್ತಿ ಆಡುತ್ತಾರೆ.

ತಿಂಗಳ ಉಪವಾಸ ಮುಗಿದು ಹಬ್ಬದ ಬೆಳಗಾಯಿತು. ಏಳೂವರೆಗೆ ಸಲ್ಬಿಯಾ ಅಡುಗೆಮನೆಯ ಕಪಾಟು ತೆರೆದಳು. ಕೇಕ್ ಇರಲಿಲ್ಲ.

"ರೀ!"

ಗಂಡ ಬುಜಾಂಗ್ ಹೊಸ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಬಂದ. ನಲವತ್ತು ವರ್ಷ ದೋಣಿ ನಡೆಸಿದವನು. ನೀರಿನ ಸುಳಿಯನ್ನು ದೂರದಿಂದಲೇ ಗುರುತಿಸುತ್ತಿದ್ದ. ಹೆಂಡತಿಯ ಸಿಟ್ಟು ಮಾತ್ರ ಅದರೊಳಗೆ ಮುಳುಗಿದ ಮೇಲೆಯೇ ಗೊತ್ತಾಗುತ್ತಿತ್ತು.

"ಇಲ್ಲಿ ಕಾಗದದಲ್ಲಿ ಸುತ್ತಿಟ್ಟಿದ್ದ ಕೇಕ್ ಎಲ್ರೀ?"

"ನಿನ್ನೆ ನೀನು ದರ್ಜಿ ಹತ್ರ ಹೋಗಿದ್ದಾಗ ರಸೀದಾ ತಟ್ಟೆ ವಾಪಸ್ ಕೊಟ್ಟೆ. ಖಾಲಿ ಕೊಡಕ್ಕಾಗತ್ತಾ?"

"ಹದಿನಾಲ್ಕು ಡಬ್ಬಿ ಬಿಸ್ಕತ್ತಿದೆಯಲ್ರೀ ಮನೇಲಿ!"

"ಡಬ್ಬಿ ಮುಟ್ಟಿದ್ರೆ ಕೈ ಮುರೀತೀನಿ ಅಂದಿದ್ದೆ. ಕೇಕ್ ಡಬ್ಬೀಲಿರ್ಲಿಲ್ಲ." ಬುಜಾಂಗ್ ನ್ಯಾಯವಾಗಿಯೇ ಹೇಳಿದ. "ಮೂರು ವಾರದಿಂದ ಕೆಟ್ಟುಹೋದ ಎಂಟು ಕೇಕ್ ನನಗೇ ತಿನ್ನಿಸಿದೀಯ. ಇದು ಒಂಬತ್ತನೇದು, ಸದ್ಯ ಬಚಾವಾದೆ ಅಂದ್ಕೊಂಡೆ."

ಸಲ್ಬಿಯಾಳ ಸಿಟ್ಟು ನೆತ್ತಿಗೇರಿತು. ಒಂಬತ್ತನೆಯದೇ ಕೆಡದೆ ಬಂದದ್ದು.

ಈ ಹಳ್ಳಿಯ ಪದರ ಕೇಕ್ ಎಂದರೆ ಹಿಟ್ಟು ಸುರಿದು ಒಲೆಯೊಳಗೆ ತಳ್ಳಿ ಮರೆತುಬಿಡುವ ಕೆಲಸವಲ್ಲ. ಒಂದು ಸೌಟು ಹಿಟ್ಟು ಹರಡಿ, ಮೇಲಿನ ಶಾಖದಲ್ಲಿ ಬೇಯಿಸಿ, ಒತ್ತಿ, ಅದರ ಮೇಲೆ ಇನ್ನೊಂದು ಬಣ್ಣದ ಸೌಟು. ಹೀಗೆ ಇಪ್ಪತ್ತು ಪದರ. ಆಮೇಲೆ ಅಳತೆಪಟ್ಟಿ ಇಟ್ಟು ಎಳೆಎಳೆಯಾಗಿ ಕತ್ತರಿಸಿ, ಜಾಮ್ ಸವರಿ ಬೇರೆ ರೀತಿ ಜೋಡಿಸಿ, ಸುತ್ತಲೂ ಕಂದು ಹೊದಿಕೆ ಅಂಟಿಸಬೇಕು. ಹೊರಗಿನಿಂದ ನೋಡಿದರೆ ಎಲ್ಲರ ಕೇಕೂ ಒಂದೇ ಅಚ್ಚಿನ ಇಟ್ಟಿಗೆ. ಚಾಕು ಇಳಿದಾಗಲೇ ಒಳಗಿನ ಚಿತ್ತಾರ ಕಾಣುವುದು. ಸಲ್ಬಿಯಾ ಈ ಸಲ ಒಳಗೆ ಮಂಗಟ್ಟೆ ಹಕ್ಕಿಯನ್ನು ಕೂರಿಸಿದ್ದಳು. ಕಪ್ಪು ಕತ್ತು, ಹಳದಿ ಕೊಕ್ಕು, ಅದರ ಮೇಲೆ ಕೆಂಪು ಕೊಂಬು. ಪ್ರತಿ ತುಂಡಿನಲ್ಲೂ ಒಂದೊಂದು ಹಕ್ಕಿ.

ಹಬ್ಬದ ದಿನ ಹಳ್ಳಿಯ ಹೆಂಗಸರು ಗುಂಪು ಕಟ್ಟಿಕೊಂಡು ಮನೆಮನೆಗೆ ಹೋಗುತ್ತಾರೆ. ಮುಂದಾಳು ಹಳ್ಳಿಯ ಮುಖ್ಯಸ್ಥರ ಹೆಂಡತಿ, ಹಜ್ ಯಾತ್ರೆ ಮಾಡಿಬಂದ ಹಾಜಾ ಸಾಯೆರಾ. ಅವರ ಕಣ್ಣೆದುರು ಹೊಸ ಚಿತ್ತಾರವನ್ನು ಯಾರು ಮೊದಲು ಕತ್ತರಿಸುತ್ತಾರೋ ಅದಕ್ಕೆ ಕತ್ತರಿಸಿದವಳ ಹೆಸರು. ಆಮೇಲೆ ಯಾರೇ ಮಾಡಲಿ, ಯಾವ ಕಾಲಕ್ಕೇ ಮಾಡಲಿ, ಅದೇ ಹೆಸರು.

ಹೋದ ವರ್ಷ ಸಲ್ಬಿಯಾ ಚಾಪೆ ಹೆಣಿಗೆಯ ಚಿತ್ತಾರವೊಂದನ್ನು ಎರಡು ತಿಂಗಳು ತಲೆ ಕೆಡಿಸಿಕೊಂಡು ಮಾಡಿದ್ದಳು. ರಸೀದಾ ಉಪ್ಪು ಕೇಳುವ ನೆಪದಲ್ಲಿ ಬಂದು, ಮೇಜಿನ ಮೇಲಿದ್ದ ನಕ್ಷೆಯನ್ನು ಕಣ್ಣಲ್ಲೇ ಎತ್ತಿಕೊಂಡು ಹೋದಳು. ಗುಂಪು ಮೊದಲು ಹೋದದ್ದು ರಸೀದಾಳ ಮನೆಗೆ. ಅವಳ ಚಾಪೆ ಒಂದು ಮೂಲೆಯಲ್ಲಿ ಸೊಟ್ಟಗಿತ್ತು. ಆದರೂ ಅದು 'ರಸೀದಾ ಚಾಪೆ' ಎಂದೇ ಹೆಸರಾಯಿತು. ಸಲ್ಬಿಯಾಳ ನೆಟ್ಟಗಿನ ಚಾಪೆಯನ್ನು ತಿಂದವರು, "ಪಾಪ, ರಸೀದಾದು ನೋಡಿ ಮಾಡಿದಾಳೆ" ಎಂದರು. ಆ 'ಪಾಪ' ಎಂಬ ಮಾತು ಒಂದು ವರ್ಷದಿಂದ ಸಲ್ಬಿಯಾಳ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿತ್ತು. ಈ ಸಲ ಕಿಟಕಿ ಮುಚ್ಚಿ, ಬಾಗಿಲಿಗೆ ಅಗುಳಿ ಹಾಕಿ, ಬೆವರಿನಲ್ಲಿ ತೊಯ್ದು ಕೇಕ್ ಮಾಡಿದ್ದಳು. ಹಾಜಾ ಸಾಯೆರಾ ಅವರನ್ನು ತಿಂಗಳ ಮೊದಲೇ ಕಂಡು, ಹತ್ತು ಗಂಟೆಗೆ ಗುಂಪು ಮೊದಲು ತನ್ನ ಮನೆಗೇ ಬರುವಂತೆ ಮಾತು ತೆಗೆದುಕೊಂಡಿದ್ದಳು.

"ಆ ಕಳ್ಳಿ ಕೈಗೇ ಕೊಟ್ಟಿರಲ್ರೀ! ಇಷ್ಟೊತ್ತಿಗೆ ಕತ್ತರಿಸಿ ನೋಡಿರ್ತಾಳೆ!"

"ಇಲ್ಲ ಬಿಡು. ನಿನ್ನ ಕೇಕ್ ಬಗ್ಗೆ ಅವಳ ಹತ್ರ ತುಟಿ ಬಿಚ್ಚಬಾರದು ಅಂದಿದ್ಯಲ್ಲ? 'ಅಕ್ಕ ಮಾಡಿದ್ದಾ?' ಅಂತ ಕೇಳಿದ್ಲು. 'ಅಲ್ಲ, ನಾನು ಮಾಡಿದ್ದು' ಅಂದೆ."

ಸಲ್ಬಿಯಾ ಒಂದು ಕ್ಷಣ ಗಂಡನನ್ನೇ ನೋಡಿದಳು. ಬುಜಾಂಗ್ ಒಮ್ಮೆ ಬಾಳೆಹಣ್ಣು ಕರಿಯಲು ಹೋಗಿ ಹಿಟ್ಟಿನ ಬದಲು ಸುಣ್ಣದ ಪುಡಿ ಕಲಸಿದ್ದು ಹಳ್ಳಿಗೆಲ್ಲ ಗೊತ್ತಿತ್ತು. ಅವನು ಮಾಡಿದ ಕೇಕನ್ನು ಯಾರೂ ಆಸೆಪಟ್ಟು ಕತ್ತರಿಸುವುದಿಲ್ಲ. ಹಾಗಾದರೆ ಕೇಕ್ ಇನ್ನೂ ಇಡಿಯಾಗಿದೆ. ಹತ್ತು ಗಂಟೆಯೊಳಗೆ ತರಬೇಕು, ಅಷ್ಟೇ. ಕೊಟ್ಟದ್ದನ್ನು ವಾಪಸ್ಸು ಕೇಳುವುದಂತೂ ಸಾಧ್ಯವಿಲ್ಲ. ಕೇಳಿದರೆ ಖಾಲಿ ತಟ್ಟೆಗಿಂತ ದೊಡ್ಡ ಸುದ್ದಿಯಾಗುತ್ತದೆ. ಅದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಇದನ್ನು ಎತ್ತಿಕೊಂಡು ಬರಬೇಕು. ಇನ್ನೊಂದು ಎಲ್ಲಿಂದ?

ಅಷ್ಟರಲ್ಲಿ ಎದುರುಮನೆಯ ಜಮಾಯಾ ಚಿಕ್ಕಮ್ಮ ಹಬ್ಬದ ಸಲಾಮು ಹೇಳುತ್ತಾ ಮೆಟ್ಟಿಲೇರಿ ಬಂದಳು. ಎಪ್ಪತ್ತೆರಡರ ವಿಧವೆ, ಕಣ್ಣು ಮಂಜು, ನಾಲಿಗೆ ಮಾತ್ರ ಚುರುಕು.

"ತಗೋ ಮಗಳೇ, ಮೊನ್ನೆ ಸಾರು ಕೊಟ್ಟಿದ್ದೆಯಲ್ಲ, ನಿನ್ನ ತಟ್ಟೆ. ಖಾಲಿ ತರಕ್ಕಾಗತ್ತಾ? ಕೇಕ್ ಇಟ್ಟಿದೀನಿ."

ತಟ್ಟೆಯ ಮೇಲೆ ಕಾಗದದಲ್ಲಿ ಸುತ್ತಿದ ಇಡೀ ಕೇಕ್! ಜಮಾಯಾ ಚಿಕ್ಕಮ್ಮ ಹತ್ತು ವರ್ಷದಿಂದ ಒಲೆ ಹಚ್ಚಿ ಕೇಕ್ ಮಾಡಿದವಳಲ್ಲ. ಅವಳ ಮನೆಗೆ ಬಂದದ್ದೇ ಅವಳ ಮನೆಯಿಂದ ಹೊರಡುತ್ತಿತ್ತು. ಹಾಗೆ ದಾಟಿಸುವುದು ಎಲ್ಲರಿಗೂ ಗೊತ್ತು, ದಾಟಿಸಿದೆ ಎಂದು ಒಪ್ಪಿಕೊಂಡವರು ಮಾತ್ರ ಹಳ್ಳಿಯಲ್ಲಿ ಒಬ್ಬರೂ ಇಲ್ಲ. ಅದನ್ನೆಲ್ಲ ಯೋಚಿಸುವ ತಾಳ್ಮೆ ಸಲ್ಬಿಯಾಗೆ ಇರಲಿಲ್ಲ. ದೇವರೇ ಕಳಿಸಿದ ಕೇಕ್ ಎಂದುಕೊಂಡು ಬುಟ್ಟಿಗೆ ತುಂಬಿ, ಗಂಡನ ತೋಳು ಹಿಡಿದು ಎಳೆದುಕೊಂಡು ಹೊರಟಳು.

"ನೀವು ಅವಳನ್ನ ಮುಂದಿನ ಕೋಣೇಲಿ ಮಾತಾಡಿಸ್ತಾ ಇರಿ. ಏನಾದ್ರೂ ಮಾತಾಡಿ. ಕೇಕ್ ಮಾತು ಒಂದು ಬಿಟ್ಟು."

ರಸೀದಾ ಬಾಗಿಲಲ್ಲೇ ನಿಂತಿದ್ದಳು, ಗಿಣಿಹಸಿರು ಬಟ್ಟೆ, ಮುಖದ ತುಂಬ ನಗು. ಹಬ್ಬದ ಬೆಳಿಗ್ಗೆ ಒಬ್ಬರನ್ನೊಬ್ಬರು ಕ್ಷಮೆ ಕೇಳದೆ ಒಳಗೆ ಕಾಲಿಡುವ ಹಾಗಿಲ್ಲ. ಅವಳು ಸಲ್ಬಿಯಾಳ ಎರಡೂ ಕೈ ಹಿಡಿದುಕೊಂಡಳು.

"ಗೊತ್ತಿದ್ದೋ ಗೊತ್ತಿಲ್ದೆಯೋ ಏನಾದ್ರೂ ತಪ್ಪು ಮಾಡಿದ್ರೆ ಕ್ಷಮಿಸಿಬಿಡಿ ಅಕ್ಕಾ."

ಗೊತ್ತಿದ್ದೇ ಮಾಡಿದ್ದೀಯಲ್ಲೇ ಎಂದು ಕಿರುಚಬೇಕೆನಿಸಿತು. ಸಲ್ಬಿಯಾ ಹಲ್ಲು ಕಡಿದು, "ಕ್ಷಮಿಸಿದೀನಿ. ನಂದೂ ಕ್ಷಮಿಸು" ಎಂದಳು. ಇನ್ನು ಐದು ನಿಮಿಷದಲ್ಲಿ ಮಾಡಲಿರುವ ತಪ್ಪೂ ಅದರಲ್ಲಿ ಸೇರಿತೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

"ನಿನ್ನೆ ಇವರು ಕೊಟ್ಟ ಕೇಕ್ ನೋಡಿದ್ಯಾ?"

ರಸೀದಾಳ ನಗು ಒಂದು ಗಳಿಗೆ ತಡವರಿಸಿತು. "ಅಯ್ಯೋ, ಇದೆ ಅಕ್ಕಾ, ಇದೆ. ಒಳಗೆ ಜೋಪಾನವಾಗಿ ಎತ್ತಿಟ್ಟಿದೀನಿ."

ಮುಂದಿನ ಕೋಣೆಯ ಮೇಜಿನ ಮೇಲೆ ಕಸೂತಿ ಬಟ್ಟೆ ಹೊದಿಸಿದ ದೊಡ್ಡದೊಂದು ವಸ್ತು ಇತ್ತು. ಅದು ರಸೀದಾಳ ಕೇಕ್ ಎಂದು ಸಲ್ಬಿಯಾ ತೀರ್ಮಾನಿಸಿದಳು. ಒಳಗಿರುವುದು ತನ್ನದು. "ಗಂಟಲು ಒಣಗಿದೆ, ನೀರು ಕುಡಿದು ಬರ್ತೀನಿ" ಎನ್ನುತ್ತಾ ಅಡುಗೆಮನೆಗೆ ನುಗ್ಗಿದಳು. ಹಿಂದೆ ಬುಜಾಂಗನ ದನಿ ಕೇಳುತ್ತಿತ್ತು. "ರಸೀದಾ, ದೋಣಿ ಇಂಜಿನ್ನಿಗೆ ಎಣ್ಣೆ ಹಾಕೋದ್ರಲ್ಲಿ ಮೂರು ವಿಧ ಇದೆ ನೋಡು..."

ಅಡುಗೆಮನೆಯಲ್ಲಿ ಬಲೆಯ ಮುಚ್ಚಳದ ಕೆಳಗೆ ಒಂದೇ ಒಂದು ಕೇಕ್ ಇತ್ತು. ಅದೇ ಅಳತೆ, ಅದೇ ಕಾಗದ. ಹಳ್ಳಿಗೆಲ್ಲ ಕಾಗದ ಮಾರುವ ಅಂಗಡಿ ಒಂದೇ. ಸಲ್ಬಿಯಾ ಅದನ್ನು ಎತ್ತಿಕೊಂಡಳು, ಬುಟ್ಟಿಯಲ್ಲಿದ್ದದ್ದನ್ನು ಅಲ್ಲಿಟ್ಟಳು. ಎತ್ತಿಕೊಂಡದ್ದನ್ನು ಬುಟ್ಟಿಗೆ ಹಾಕಬೇಕು, ಅಷ್ಟರಲ್ಲಿ ಹಿತ್ತಲ ಬಾಗಿಲು ಕಿರ್ರೆಂದಿತು. ಜಮಾಯಾ ಚಿಕ್ಕಮ್ಮ!

ಸಲ್ಬಿಯಾ ಕೇಕನ್ನು ತನ್ನ ಉದ್ದನೆಯ ಹಬ್ಬದ ಮೇಲಂಗಿಯೊಳಗೆ ತುರುಕಿ ಎರಡೂ ಕೈಯಲ್ಲಿ ಅದುಮಿ ಹಿಡಿದಳು.

"ಯಾರದು, ಸಲ್ಬಿಯಾನಾ? ಹೊಟ್ಟೆ ಯಾಕೆ ಹಿಡ್ಕೊಂಡಿದೀಯ?"

"ನೋವು, ಚಿಕ್ಕಮ್ಮ."

ಮಂಜುಗಣ್ಣಿನ ಮುದುಕಿ ಹತ್ತಿರ ಬಂದು ದಿಟ್ಟಿಸಿದಳು. "ಉಬ್ಬಿದೆಯಲ್ಲೇ! ಐವತ್ತೆರಡಾಯ್ತು ನಿನಗೆ. ಬುಜಾಂಗನಿಗೆ ನಾಚಿಕೆ ಆಗಲ್ವಾ?"

"ಚಿಕ್ಕಮ್ಮಾ, ಬರೀ ವಾಯು!"

"ವಾಯು ಚೌಕಾಕಾರ ಇರತ್ತಾ? ರಸೀದಾ, ಓ ರಸೀದಾ, ನೋವಿನೆಣ್ಣೆ ತಾರೇ!"

ಎಣ್ಣೆಯ ಸೀಸೆ ಹಿಡಿದು ರಸೀದಾ ಓಡಿಬಂದಳು. ಬುಜಾಂಗನೂ ಬಂದ. ಚಿಕ್ಕಮ್ಮ ಹೊಟ್ಟೆಗೆ ಸವರಲು ಕೈ ಚಾಚಿದಳು. ಸಲ್ಬಿಯಾ ಹಿಂದೆ ಸರಿದಳು, ಬೆಕ್ಕಿನ ಬಾಲ ತುಳಿದಳು, ಬೆಕ್ಕು ಕಿರುಚಿತು. "ಮುಟ್ಬೇಡಿ!" ಎಂದು ಅವಳು ಕಿರುಚಿದ ರಭಸಕ್ಕೆ ಮೂವರೂ ಗೋಡೆಗೆ ಅಂಟಿ ದಾರಿ ಬಿಟ್ಟರು. ಮೇಲಂಗಿಯ ಮೇಲೆ ಅಂಗೈಯಗಲ ಬೆಣ್ಣೆಯ ಕಲೆ ಮೂಡುತ್ತಿತ್ತು. ಹೊಸ ರೇಷ್ಮೆ, ನಿನ್ನೆ ತಾನೇ ಹೊಲಿದು ಬಂದದ್ದು. ಇರಲಿ, ಹಕ್ಕಿ ಸಿಕ್ಕಿತಲ್ಲ ಎಂದುಕೊಂಡು ಮನೆ ಸೇರಿದಳು.

ಹತ್ತು ಗಂಟೆಗೆ ಗುಂಪು ಬಂತು. ಚಿಕ್ಕಮ್ಮನ ದಯೆಯಿಂದ ಸುದ್ದಿ ಅದಕ್ಕೂ ಮೊದಲೇ ಮುಟ್ಟಿತ್ತು. ಹಾಜಾ ಸಾಯೆರಾ ಸಲ್ಬಿಯಾಳ ಹೊಟ್ಟೆಯನ್ನೇ ನೋಡುತ್ತಾ, "ಈ ವಯಸ್ಸಲ್ಲಿ ಭಾರ ಎತ್ತಬಾರ್ದಮ್ಮಾ" ಎಂದರು. ಸಲ್ಬಿಯಾ ಅವಮಾನವನ್ನು ನುಂಗಿಕೊಂಡಳು. ಇನ್ನೊಂದು ನಿಮಿಷ, ಆಮೇಲೆ ಇವರೆಲ್ಲರ ಬಾಯಿ ತಾನಾಗಿ ಮುಚ್ಚುತ್ತದೆ.

"ಹಾಜಾ, ಈ ಸಲ ನಂದು ಹೊಸ ಚಿತ್ತಾರ. ಯಾರೂ ನೋಡಿರೋದಲ್ಲ."

ಕಾಗದ ಬಿಚ್ಚಿದಳು. ಚಾಕು ಇಳಿಸಿದಳು. ಮೊದಲ ತುಂಡು ಮಗುಚಿ ಬಿತ್ತು.

ಅದು ಚಾಪೆ. ಒಂದು ಮೂಲೆಯಲ್ಲಿ ಸೊಟ್ಟಗಿದ್ದ ಚಾಪೆ.

ಹಾಜಾ ಸಾಯೆರಾ ಒಂದು ತುಂಡು ಎತ್ತಿ ಬೆಳಕಿಗೆ ಹಿಡಿದು, ತುಂಬ ಮೃದುವಾಗಿ, "ಚೆನ್ನಾಗಿದೆ. ರಸೀದಾ ಚಾಪೆ ಅಲ್ವಾ?" ಎಂದರು. ಹಿಂದಿನಿಂದ ಯಾರೋ "ಪಾಪ" ಎಂದರು.

ಸಲ್ಬಿಯಾಳ ಮೈಯೆಲ್ಲ ಉರಿದುಹೋಯಿತು. ತಾನು ಎತ್ತಿಕೊಂಡು ಬಂದದ್ದು ರಸೀದಾಳದ್ದೇ ಕೇಕ್! ಹಾಗಾದರೆ ಕಸೂತಿ ಬಟ್ಟೆಯ ಕೆಳಗಿರುವುದೇ ತನ್ನ ಹಕ್ಕಿ. ಕಲೆಯಾದ ಬಟ್ಟೆಯಲ್ಲೇ, ಹೊಟ್ಟೆನೋವನ್ನು ಮರೆತು, ರಸೀದಾಳ ಮನೆಗೆ ಹೊರಟ ಗುಂಪಿಗಿಂತ ಮುಂದೆ ಓಡಿ ಒಳಹೊಕ್ಕವಳೇ ಆ ಬಟ್ಟೆ ಕಿತ್ತೆಸೆದಳು. ಕೆಳಗೆ ಕಿತ್ತಳೆ ಪಾನಕದ ಡಬ್ಬಿಗಳನ್ನು ಗೋಪುರದ ಹಾಗೆ ಪೇರಿಸಿಟ್ಟಿದ್ದರು. ಮೇಲಿನ ಎರಡು ಉರುಳಿ, ಹಿಂದೆಯೇ ಬಂದ ಹಾಜಾ ಸಾಯೆರಾ ಅವರ ಕಾಲ ಬಳಿ ಹೋಗಿ ನಿಂತವು.

"ಬಾಯಾರಿಕೆ ಆಗಿದ್ರೆ ಕೇಳೋದಲ್ವಾ ಅಕ್ಕಾ?" ಎಂದ ರಸೀದಾ ಒಳಗೆ ಹೋಗಿ, ಬಲೆಯ ಮುಚ್ಚಳದ ಕೆಳಗಿನ ಕೇಕ್ ತಂದು ಕಾಗದ ಬಿಚ್ಚಿದಳು. "ನಂದು ಹೊಸದೇನಿಲ್ಲ ಹಾಜಾ, ಹಳೇ ಚಾಪೆನೇ" ಎನ್ನುತ್ತಾ ಚಾಕು ಇಳಿಸಿದಳು.

ಕಪ್ಪು ಕತ್ತು, ಹಳದಿ ಕೊಕ್ಕು, ಕೆಂಪು ಕೊಂಬು. ತುಂಡಿನ ನಡುವೆ ಮಂಗಟ್ಟೆ ಹಕ್ಕಿ ನೆಟ್ಟಗೆ ಕೂತಿತ್ತು.

ಹೆಂಗಸರೆಲ್ಲ ಒಟ್ಟಿಗೆ ಉಸಿರೆಳೆದುಕೊಂಡರು. ಎಲ್ಲರಿಗಿಂತ ದೊಡ್ಡದಾಗಿ ಬಾಯಿ ತೆರೆದವಳು ರಸೀದಾ. ಆದರೆ ಅದು ಎರಡೇ ಕ್ಷಣ. ಮೂರನೇ ಕ್ಷಣಕ್ಕೆ ಬಾಯಿ ಮುಚ್ಚಿ, ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು, "ನೀವೆಲ್ಲ ಬೆರಗಾಗ್ಲಿ ಅಂತ ಹೇಳಿರ್ಲಿಲ್ಲ" ಎಂದಳು.

"ಏನು ಕೈಯಮ್ಮಾ ನಿಂದು!" ಹಾಜಾ ಸಾಯೆರಾ ಅವಳ ಬೆನ್ನು ತಟ್ಟಿದರು. "ಇವತ್ತಿಂದ ಇದು ರಸೀದಾ ಮಂಗಟ್ಟೆ."

ಸಲ್ಬಿಯಾಗೆ ಏನೂ ಅರ್ಥವಾಗಲಿಲ್ಲ. ಪಕ್ಕದಲ್ಲಿ ಹಕ್ಕಿಯ ತಲೆಯನ್ನು ಅಗಿಯುತ್ತಿದ್ದ ಜಮಾಯಾ ಚಿಕ್ಕಮ್ಮ ಅವಳ ಕಿವಿಗೆ ಬಾಯಿ ತಂದಳು. "ಯಾರಿಗೂ ಹೇಳ್ಬೇಡ ಮಗಳೇ. ಬೆಳಿಗ್ಗೆ ನಿನಗೆ ಕೊಟ್ಟೆನಲ್ಲ ಕೇಕು, ಅದೂ ರಸೀದಾ ಕಳಿಸಿದ್ದೇ. ನಿನ್ನೆ ರಾತ್ರಿ ನನ್ನ ತಟ್ಟೆ ವಾಪಸ್ ಕೊಡುವಾಗ ಇಟ್ಟಿದ್ಲು. ಹೋಗಿ ಕತ್ತರಿಸು, ಅದ್ರಲ್ಲೂ ಹಕ್ಕಿ ಇರಬಹುದು."

ಬುಜಾಂಗ್ ಮಾಡಿದ ಕೇಕನ್ನು ಮನೆಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ರಸೀದಾ ಅದನ್ನು ಬಿಚ್ಚದೆ ಚಿಕ್ಕಮ್ಮನಿಗೆ ದಾಟಿಸಿದ್ದಳು, ಚಿಕ್ಕಮ್ಮ ಸಲ್ಬಿಯಾಗೆ ದಾಟಿಸಿದ್ದಳು. ಬೆಳಿಗ್ಗೆ ಎಂಟಕ್ಕೆ ಹಕ್ಕಿ ತನ್ನ ಮನೆಗೆ ತಾನೇ ಹಾರಿಬಂದಿತ್ತು. ಅದನ್ನು ಬುಟ್ಟಿಯಲ್ಲಿ ಹೊತ್ತು ತಂದು ರಸೀದಾಳ ಮೇಜಿನ ಮೇಲೆ ಕೂರಿಸಿದವಳು ಸಾಕ್ಷಾತ್ ಸಲ್ಬಿಯಾ.

ಅವಳು ಬಾಯಿ ತೆರೆದಳು. 'ಅದು ನನ್ನದು' ಎನ್ನಬೇಕು. ಹಾಗಾದರೆ ಇಲ್ಲಿಗೆ ಹೇಗೆ ಬಂತು ಎನ್ನುತ್ತಾರೆ. 'ನಾನೇ ಕದ್ದುಮುಚ್ಚಿ ಇಟ್ಟುಹೋದೆ' ಎನ್ನಬೇಕು. ಹಾಗಾದರೆ ನಿನ್ನ ಮೇಜಿನ ಮೇಲಿನ ಚಾಪೆ ಯಾರದು ಎನ್ನುತ್ತಾರೆ. ಸಲ್ಬಿಯಾ ಬಾಯಿ ಮುಚ್ಚಿದಳು. ಇಷ್ಟು ಸಿಟ್ಟನ್ನು ಇಷ್ಟು ಚಿಕ್ಕ ಬಾಯಲ್ಲಿ ಅವಳು ಎಂದೂ ಹಿಡಿದಿಟ್ಟಿರಲಿಲ್ಲ.

ಹೊರಡುವಾಗ ರಸೀದಾ ಅದೇ ಹಸಿರು ಅಂಚಿನ ತಟ್ಟೆಯಲ್ಲಿ ನಾಲ್ಕು ಹಕ್ಕಿಗಳನ್ನು ಇಟ್ಟು ಸಲ್ಬಿಯಾಳ ಕೈಗೆ ಕೊಟ್ಟಳು. "ನನ್ನ ಚಾಪೆ ನೋಡಿ ಮಾಡಿದೀರಿ ಅಂತ ಎಲ್ರೂ ಆಡ್ಕೋತಿದಾರೆ ಅಕ್ಕಾ. ಬೇಜಾರು ಮಾಡ್ಕೋಬೇಡಿ. ಹಬ್ಬದ ದಿನ, ನಾನು ಕ್ಷಮಿಸಿಬಿಟ್ಟೆ."

ಮನೆಗೆ ಬಂದು ಬುಜಾಂಗ್ ಒಂದು ಹಕ್ಕಿ ತಿಂದ. ಎರಡನೆಯದನ್ನೂ ತಿಂದ. "ರಸೀದಾ ಕೈ ಒಳ್ಳೇದು ಬಿಡು" ಎಂದವನು ಹೆಂಡತಿಯ ಮುಖ ನೋಡಿ ತುಸು ದೂರ ಸರಿದು ಕೂತ. "ತಟ್ಟೆ ವಾಪಸ್ ಕೊಡ್ಬೇಕಲ್ಲ. ಖಾಲಿ ಕೊಡಕ್ಕಾಗತ್ತಾ? ಡಬ್ಬಿ ಮುಟ್ಲಾ?"

"ಮುಟ್ಬೇಡಿ!"

ಸಲ್ಬಿಯಾ ಉಳಿದಿದ್ದ ಚಾಪೆಯ ತುಂಡುಗಳನ್ನು ತಟ್ಟೆಯ ಮೇಲೆ ಬಡಿದು, ಬೇಲಿಯವರೆಗೆ ಹೋಗಿ, ಆಚೆ ನಿಂತಿದ್ದ ರಸೀದಾಳ ಕೈಗೆ ತಳ್ಳಿದಳು. ರಸೀದಾ ಒಂದು ತುಂಡನ್ನು ಎತ್ತಿ ತಿರುಗಿಸಿ ನೋಡಿದಳು, ಬಾಯಿಗೆ ಹಾಕಿಕೊಂಡಳು, ನಿಧಾನವಾಗಿ ಅಗಿದಳು.

"ರುಚಿಯೇನೋ ನನ್ನದರ ಹಾಗೇ ಬಂದಿದೆ ಅಕ್ಕಾ," ಎಂದಳು. "ಆದ್ರೆ ಈ ಮೂಲೆ ಸೊಟ್ಟಗಾಗಿದೆ. ಬರೋ ವರ್ಷ ಮಾಡುವಾಗ ಕರೀರಿ, ತೋರಿಸ್ಕೊಡ್ತೀನಿ."