ಟೆಸ್ಟಿಂಗ್‌ಗೊಬ್ಬ ವರ

ಎಂಸಿಎ ಹುಡುಗರ ಪ್ರಾಜೆಕ್ಟ್ ನೋಡಿಕೊಳ್ಳುವ ಮೇಷ್ಟರಿಗೆ ಬೆಚ್ಚಿಬೀಳುವುದೂ ಕೆಲಸದ ಒಂದು ಭಾಗ. ಇನ್ನು ನಾನು ಗಾಬರಿಯಾಗುವಂಥದ್ದೇನೂ ಉಳಿದಿಲ್ಲ ಅಂತ ಪ್ರತಿ ವರ್ಷ ಅಂದುಕೊಳ್ಳುತ್ತೇನೆ. ಪ್ರತಿ ವರ್ಷವೂ ಹುಡುಗರು ಹೊಸದೊಂದನ್ನು ಹುಡುಕಿಕೊಂಡು ಬರುತ್ತಾರೆ.

ನಮ್ಮ ಕಾಲೇಜು ಇರುವುದು ಯಲಹಂಕದಲ್ಲಿ. ಕೊನೆಯ ಸೆಮಿಸ್ಟರಿನಲ್ಲಿ ಹುಡುಗರು ತಂಡ ಕಟ್ಟಿಕೊಂಡು ಹೊರಗಿನ ಯಾವುದಾದರೂ ಸಂಸ್ಥೆಗೆ ನಿಜವಾಗಿ ಬಳಕೆಯಾಗುವ ಸಾಫ್ಟ್‌ವೇರ್ ಮಾಡಿಕೊಡಬೇಕು. ಆ ಸಂಸ್ಥೆಯವರು ಕೊನೆಗೆ ಒಪ್ಪಿ ಸಹಿ ಹಾಕಿದರೆ ಪಾಸು. ಹಾಕದಿದ್ದರೆ ಮುಂದಿನ ವರ್ಷ ಮತ್ತೆ ಮೊದಲಿಂದ.

ಹೋದ ವರ್ಷದ ಒಂದು ತಂಡದಲ್ಲಿ ಮೂವರಿದ್ದರು. ಹಾವೇರಿ ಕಡೆಯ ಹುಡುಗಿ ನಾಯಕಿ. ಆರ್.ಟಿ. ನಗರದ ಹುಡುಗ ಕೋಡ್ ಬರೆಯುವವನು. ಮೂರನೆಯವನು ಏನು ಮಾಡುತ್ತಾನೆ ಅನ್ನುವುದು ಬಹಳ ದಿನ ನನಗೆ ತಿಳಿಯಲೇ ಇಲ್ಲ.

ಆ ಸಹಿ ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿದ್ದು ಹುಡುಗಿಗೆ. ಕ್ಯಾಂಪಸ್ಸಿನಲ್ಲೇ ಅವಳಿಗೆ ಕೆಲಸ ಸಿಕ್ಕಿತ್ತು, ಪಾಸಾದರೆ ಮಾತ್ರ ಸೇರಬಹುದು. ಕೋರ್ಸ್ ಮುಗಿಯುವವರೆಗೆ ಮದುವೆಯ ಸುದ್ದಿ ಎತ್ತುವುದಿಲ್ಲ ಅಂತ ಅವಳ ಅಪ್ಪ ಮಾತು ಕೊಟ್ಟಿದ್ದರು. ಆದರೂ ಅವಳಿಗೆ ಭಯ. "ಕೋರ್ಸ್ ಮುಗಿಯೂದಕ್ಕೂ ನೌಕರಿಗೆ ಸೇರೂದಕ್ಕೂ ನಡುವ ಶ್ರಾವಣ ಬರ್ತದ್ರಿ ಸರ. ನಮ್ಮಪ್ಪ ನುಗ್ಗೂದು ಅಲ್ಲೇ," ಅನ್ನುತ್ತಿದ್ದಳು.

ಇಂಡಸ್ಟ್ರಿ

"ಪಾರ್ಟ್ನರ್ ಸಿಕ್ಕಿದಾರೆ ಸರ್, ವಿದ್ಯಾರಣ್ಯಪುರದ ಪಕ್ಕ ಸಿಂಗಾಪುರದಲ್ಲಿ," ಅಂತ ಕೋಡ್ ಬರೆಯುವವನು ಲೊಕೇಶನ್ ಕಳಿಸಿದ. ಒಪ್ಪಂದ ಮಾಡಿಕೊಳ್ಳಲು ನಾನು ಟೈ ಕಟ್ಟಿಕೊಂಡು ಹೊರಟೆ. ಗಾಜಿನ ಕಟ್ಟಡ, ಲಿಫ್ಟು, ಕುತ್ತಿಗೆಗೆ ವಿಸಿಟರ್ ಪಾಸು, ಇಷ್ಟೆಲ್ಲ ಮನಸ್ಸಿನಲ್ಲಿತ್ತು.

ಮ್ಯಾಪು ನನ್ನನ್ನು ಒಂದು ಕಲ್ಯಾಣ ಮಂಟಪದ ಎದುರು ತಂದು ನಿಲ್ಲಿಸಿತು. ಒಳಗೆ ಓಲಗ ಊದುತ್ತಿದ್ದರು. ಯಾರಿಗೆ ಫೋನ್ ಮಾಡಲಿ ಅಂತ ನೋಡುತ್ತಿರುವಷ್ಟರಲ್ಲಿ ಬಾಗಿಲಲ್ಲಿದ್ದ ಹೆಂಗಸೊಬ್ಬರು ನನ್ನ ಟೈ ಮೇಲೆ ಪನ್ನೀರು ಚಿಮುಕಿಸಿ, ಕೈಗೆ ಕಲ್ಲುಸಕ್ಕರೆ ಹಾಕಿದರು.

ಮಂಟಪದ ಯಜಮಾನರು ಆ ಹಳೇ ಊರಿನವರೇ. ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಮೊಮ್ಮಗ ಮಂಟಪ ಕಟ್ಟಿಸಿದ್ದರು. ಮುಹೂರ್ತದ ದಿನಗಳನ್ನು ಮೊಬೈಲಿನಲ್ಲೇ ಬುಕ್ ಮಾಡುವ ಹಾಗೆ ಸಾಫ್ಟ್‌ವೇರ್ ಬೇಕು ಅನ್ನುವುದು ಅವರ ಆಸೆ. ನನಗೋ ದಿಗಿಲು. ತಡವರಿಸುತ್ತಲೇ ಹೇಳಿದೆ, "ಯಜಮಾನ್ರೇ, ತಪ್ಪು ತಿಳೀಬೇಡಿ. ನಮ್ಮ ನಿಯಮದಲ್ಲಿ ಪಾರ್ಟ್ನರ್ ಅಂದ್ರೆ ಇಂಡಸ್ಟ್ರಿ ಆಗಿರ್ಬೇಕು."

"ಇದು ಮತ್ತಿನ್ನೇನು ಸ್ವಾಮಿ?" ಅಂದರು ಅವರು. "ಎಬ್ಬಾಳದ ಕಡೆ ಕಂಪ್ನಿಗಳು ಜನಾನ ಮನೆಗೆ ಕಳಿಸ್ತಾವಂತೆ. ನಮ್ ಇಂಡಸ್ಟ್ರೀಲಿ ಇಂಗೆ ಯಾವತ್ತಾದ್ರೂ ಆಗೈತಾ? ಕೆಲ್ಸ ಇಲ್ದಿದ್ರೂ ಜನ ಮದ್ವೆ ಆಗೋದು ಬಿಡಲ್ಲ."

ನಿಂತು ಮಾಡುವ ಮೀಟಿಂಗು

ಸಾಫ್ಟ್‌ವೇರ್ ತಂಡಗಳಲ್ಲಿ ಒಂದು ಪದ್ಧತಿ ಇದೆ. ದಿನಕ್ಕೊಮ್ಮೆ ಎಲ್ಲರೂ ಸೇರಿ ನಿಂತುಕೊಂಡೇ ಚಿಕ್ಕದೊಂದು ಮೀಟಿಂಗ್ ಮಾಡಬೇಕು. ಕೂತರೆ ಹರಟೆ ಬೆಳೆಯುತ್ತದೆ ಅಂತ ನಿಲ್ಲುವುದು. ನಮ್ಮ ತಂಡ ಮಾತ್ರ ಈ ಮೀಟಿಂಗನ್ನು ಮಂಟಪದಲ್ಲೇ, ಅದೂ ಸರಿಯಾಗಿ ಮಧ್ಯಾಹ್ನಕ್ಕೇ ಇಟ್ಟುಕೊಳ್ಳುತ್ತಿತ್ತು. ಎಂಥ ಶ್ರದ್ಧೆ ಅಂತ ನನಗೆ ಹೆಮ್ಮೆಯೂ ಇತ್ತು.

ಒಂದು ದಿನ ಹೇಳದೆ ಕೇಳದೆ ಹೋದೆ. ಊಟದ ಹಾಲಿನಲ್ಲಿ, ಗುರುತು ಪರಿಚಯವಿಲ್ಲದವರ ಮದುವೆಯ ಪಂಕ್ತಿಯಲ್ಲಿ, ನನ್ನ ಮೂವರೂ ಬಾಳೆ ಎಲೆಯ ಮುಂದೆ ಸಾಲಾಗಿ ಕೂತಿದ್ದರು. ಮೂರನೆಯವನು ಎರಡನೇ ಸಲ ಕೋಸಂಬರಿ ಹಾಕಿಸಿಕೊಳ್ಳುತ್ತಿದ್ದ. ನನಗೆ ನಖಶಿಖಾಂತ ಉರಿಯಿತು.

"ಏನಿದು?" ಅಂದೆ.

"ಮೀಟಿಂಗ್ ಸರ್," ಅಂದ ಕೋಡ್ ಬರೆಯುವವನು. "ಯಜಮಾನ್ರು ನಿಲ್ಲೋಕೇ ಬಿಡಲ್ಲ. ಮೊದ್ಲು ಊಟ ಮಾಡಿ, ಆಮೇಲೆ ಮಾತು ಅಂತಾರೆ. ಇವತ್ತು ಆಷಾಢದ ವಿಷ್ಯ ಹೇಳಿದ್ರು."

ಯಜಮಾನರು ಅಲ್ಲೇ ಇದ್ದರು. "ಔದು ಮೇಷ್ಟ್ರೇ. ಬೇರೆ ಏನಾದ್ರೂ ಮಾಡ್ಕೊಳ್ಲಿ, ಆಷಾಢ ಮಾತ್ರ ಮುಚ್ಬಿಡ್ಬೇಕು. ಆ ತಿಂಗ್ಳಲ್ಲಿ ನನ್ ಮಂಟಪ್ದಾಗೆ ಮದ್ವೆ ಬುಕ್ ಆಯ್ತು ಅಂದ್ರೆ ಊರೋರು ನಗ್ತಾರೆ," ಅಂದರು.

ಮೂವರನ್ನೂ ಎಬ್ಬಿಸಿ ಬೈಯಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಹೆಣ್ಣಿನ ಕಡೆಯ ಹಿರಿಯರೊಬ್ಬರು ಕೈ ಹಿಡಿದು, "ಗಂಡಿನ ಕಡೆಯೋರು ಹೀಗೆ ನಿಂತ್ಕೋಬಾರ್ದು, ಬನ್ನಿ," ಅಂತ ನನ್ನನ್ನೂ ಕೂರಿಸಿದರು. ಒಬ್ಬಟ್ಟಿನ ಮೇಲೆ ತುಪ್ಪ ಬಿದ್ದ ಮೇಲೆ ಆ ವಾರದ ರಿವ್ಯೂನಲ್ಲಿ ಎಲ್ಲರಿಗೂ ಒಳ್ಳೆಯ ಅಂಕವೇ ಬಂತು.

ಮೂರನೆಯವನ ಕೆಲಸ

ಯಾರು ಎಷ್ಟು ಕೋಡ್ ಬರೆದರು ಅನ್ನುವುದು ನಮ್ಮ ಕಂಪ್ಯೂಟರಿನಲ್ಲಿ ಅವರವರ ಹೆಸರಿನ ಎದುರು ಆಗಿಂದಾಗಲೇ ಕಾಣುತ್ತದೆ. ಮೂರನೆಯವನ ಹೆಸರಿನಲ್ಲೂ ದಿನಾ ಒಂದಿಷ್ಟು ಕಾಣುತ್ತಿತ್ತು. ಆದರೆ ಏನು ಕೇಳಿದರೂ ನೆಲ ನೋಡುತ್ತಿದ್ದ. ಕೊನೆಗೆ ನನ್ನ ಕೋಣೆಗೆ ಕರೆಸಿ, ಎದುರಿಗೆ ಕೂರಿಸಿ, "ನಿಜ ಹೇಳು, ಈ ಕೋಡ್ ಬರೆಯೋದು ನೀನೇನಾ?" ಅಂತ ಕೇಳಿದೆ.

"ಹೌದು ಸರ್, ನಾನೇ," ಅಂದ.

ಅಷ್ಟು ಹೇಳುತ್ತಿದ್ದಂತೆ ನನ್ನ ಸ್ಕ್ರೀನಿನಲ್ಲಿ ಅವನ ಹೆಸರಿನಲ್ಲೇ ಹೊಸ ಕೋಡ್ ಬಂದು ಕೂತಿತು. ಒಂದು ಗುಂಡಿ ಒತ್ತಿದರೆ ಇಡೀ ತಿಂಗಳು ಸುಳ್ಳು ಮದುವೆಗಳಿಂದ ಭರ್ತಿಯಾಗುವ ಕೋಡದು. ಒಟ್ಟಿಗೆ ಅಷ್ಟು ಬುಕಿಂಗ್ ಬಂದರೆ ಸಾಫ್ಟ್‌ವೇರ್ ತಡೆಯುತ್ತದೋ ಇಲ್ಲವೋ ಅಂತ ನೋಡುವುದಕ್ಕೆ. ಬರೆದವನು ಅಂತ ಹೆಸರಿದ್ದವನು ನನ್ನ ಎದುರು ಕೈಕಟ್ಟಿ ಕೂತಿದ್ದ.

ಸ್ಕ್ರೀನನ್ನು ಅವನ ಕಡೆ ತಿರುಗಿಸಿದೆ. ನಿಧಾನವಾಗಿ ಓದಿ, ಮುಖದಲ್ಲಿ ಒಂದು ಗೆರೆಯೂ ಅಲುಗದೆ ಅವನು ಹೇಳಿದ, "ಟೀಮ್ ವರ್ಕ್ ಸರ್."

ಆಷಾಢ

ಕೊನೆಗೆ ಡೆಮೊ ದಿನ ಬಂತು. ಮಂಟಪದ ಹಾಲಿನಲ್ಲಿ ದೊಡ್ಡ ಪರದೆ, ಮುಂದಿನ ಕುರ್ಚಿಯಲ್ಲಿ ಯಜಮಾನರು, ಜೇಬಿನಲ್ಲಿ ಪೆನ್ನು. ಎಲ್ಲ ಸಲೀಸಾಗಿ ನಡೆಯುತ್ತಿತ್ತು. ಅವರು ಪೆನ್ನು ತೆಗೆದದ್ದೂ ಆಯಿತು. ಅಷ್ಟರಲ್ಲಿ ಬಾಗಿಲಲ್ಲಿ ಕೈಚೀಲ ಹಿಡಿದ ಒಬ್ಬರು ಕಾಣಿಸಿದರು. ಹುಡುಗಿಯ ಮುಖ ಬಿಳಿಚಿಕೊಂಡಿತು. "ಅಪ್ಪಾ," ಅಂದಳು.

ಅವರು ಮಗಳ ಕಡೆ ನೋಡಲಿಲ್ಲ. ರೈಲಿನಲ್ಲಿ ಯಶವಂತಪುರಕ್ಕೆ ಬಂದು ಇಳಿದು ನೆಟ್ಟಗೆ ಇಲ್ಲಿಗೇ ಬಂದಿದ್ದರು. ಮೊಬೈಲನ್ನು ನನ್ನ ಮುಖಕ್ಕೆ ಹಿಡಿದರು. ತಮ್ಮ ಮಗಳ ವಿವಾಹಕ್ಕೆ ಈ ಮಂಟಪ ಬುಕ್ ಆಗಿದೆ ಅಂತ ಮೆಸೇಜು. ಆಷಾಢ ಶುದ್ಧ ಪಂಚಮಿ. ವರನ ಹೆಸರು ಮೂರನೆಯವನದು.

"ನಿನ್ನೆಯಿಂದ ಇಕಿ ಫೋನು ಹತ್ತವಲ್ದು. ಮದುವಿ ಮಾಡ್ಕೊಳ್ಳೂದಿತ್ತಂದ್ರ ಒಂದ್ ಮಾತು ಹೇಳ್ಬೇಕಿತ್ತು. ಅದೂ ಹೋಗ್ಲಿ ಬಿಡ್ರಿ ಸರ," ಅಂದರು. "ಆಷಾಢದಾಗ ಮಾಡ್ಕೊಳ್ಳುವಂಥಾ ಅವಸರ ಏನ್ ಬಂದಿತ್ರಿ?"

ಕೋಡ್ ಬರೆಯುವವನು ಒಂದೊಂದಾಗಿ ಬಾಯಿ ಬಿಟ್ಟ. "ಅದು ಟೆಸ್ಟ್ ಅಂಕಲ್. ವಧುವಿನ ತಂದೆ ನಂಬರ್ ಹಾಕದೆ ಫಾರಂ ಮುಂದಕ್ಕೇ ಹೋಗಲ್ಲ, ಅದಕ್ಕೆ ಇವ್ಳು ಟೆಸ್ಟಿಗೆ ನಿಮ್ಮ ನಂಬರೇ ಹಾಕಿದ್ಲು. ಸಾಫ್ಟ್‌ವೇರಿಂದ ಮೆಸೇಜ್ ಕಳಿಸೋಕೆ ಫೋನ್ ಕಂಪ್ನಿಯವರ ಪರ್ಮಿಷನ್ ಇರ್ಲಿಲ್ಲ. ನಿನ್ನೆ ಸಿಕ್ತು, ನಿಂತಿದ್ದ ಮೆಸೇಜ್ ಹೋಗ್ಬಿಟ್ಟಿದೆ. ಇವ್ಳ ಫೋನು ಟೆಸ್ಟಿಂಗ್‌ಗೆ ಅಂತ ನನ್ ಹತ್ರಾನೇ ಇದೆ, ಯಾರೂ ಡಿಸ್ಟರ್ಬ್ ಮಾಡ್ದೇ ಇರ್ಲಿ ಅಂತ ಫ್ಲೈಟ್ ಮೋಡಲ್ಲಿ ಹಾಕಿದ್ದೆ."

"ವರ ಯಾಕೆ ಇವನು?" ಅಂತ ನಾನು ಕೇಳಿದೆ.

"ಅವನಿಗೂ ಏನಾದ್ರೂ ಕೆಲ್ಸ ಇರ್ಲಿ ಅಂತ ಸರ್."

ಯಜಮಾನರು ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿದರು. "ಅದಿರ್ಲಿ. ಆಷಾಢ ಮುಚ್ಚಿ ಅಂದಿದ್ನಲ್ಲ?"

"ಆಷಾಢದಲ್ಲಿ ಯಾರೂ ಮದ್ವೆ ಮಾಡಲ್ಲ, ಎಲ್ಲಾ ದಿನ ಖಾಲಿ. ಟೆಸ್ಟ್ ಮಾಡೋಕೆ ಸೇಫ್ ಅಂತ ಕೊನೇಗೆ ಮುಚ್ಚೋಣ ಅಂತಿದ್ವಿ," ಅಂದ ಕೋಡ್ ಬರೆಯುವವನು.

"ಮುಚ್ಚೋಗಂಟ ಸಹಿ ಇಲ್ಲ," ಅಂದರು ಯಜಮಾನರು. ಹುಡುಗಿಯ ಕಣ್ಣಲ್ಲಿ ನೀರು ಬಂತು. ಕೆಲಸವೂ ಹೋಯಿತು, ಅಪ್ಪನ ನಂಬಿಕೆಯೂ ಹೋಯಿತು ಅಂತ ನಾನೂ ಅಂದುಕೊಂಡೆ.

ಕೋಡ್ ಬರೆಯುವವನು ಅಲ್ಲೇ ನೆಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ. ಕಾಫಿ ಕುಡಿದು ಮುಗಿಯುವಷ್ಟರಲ್ಲಿ ಎದ್ದ. ಯಜಮಾನರು ಅವನನ್ನು ನಂಬಲಿಲ್ಲ. "ನೀವೇ ನೋಡಿ, ನೀವು ಹೆಣ್ ಎತ್ತೋರು," ಅಂತ ಹುಡುಗಿಯ ಅಪ್ಪನನ್ನೇ ಲ್ಯಾಪ್‌ಟಾಪಿನ ಮುಂದೆ ಕೂರಿಸಿದರು. ಅವರು ಕನ್ನಡಕ ಹಾಕಿಕೊಂಡು ಆಷಾಢದ ದಿನಗಳನ್ನೆಲ್ಲ ಒತ್ತಿ ಒತ್ತಿ ನೋಡಿದರು. ಪ್ರತಿ ಸಲವೂ ಪರದೆಯ ಮೇಲೆ ಬಂದದ್ದು ಒಂದೇ ಉತ್ತರ: ಆಷಾಢದಲ್ಲಿ ವಿವಾಹಕ್ಕೆ ಅವಕಾಶವಿಲ್ಲ. ಅವರ ಮುಖ ನಿಧಾನವಾಗಿ ಸಡಿಲವಾಯಿತು.

"ಚಲೋ ಮಾಡ್ಯಾರ," ಅಂದರು. ಯಜಮಾನರು ಸಹಿ ಹಾಕಿದರು. ನಾನು ಉಸಿರು ಬಿಟ್ಟೆ.

ಅಪ್ಪ ಮಾತ್ರ ಲ್ಯಾಪ್‌ಟಾಪ್ ಬಿಟ್ಟು ಏಳಲಿಲ್ಲ. "ಸರ, ಸಹಿ ಆತು ಅಂದ್ರ ಕೋರ್ಸ್ ಮುಗದಂಗ ಅಲ್ರಿ?"

"ಹೌದು, ಮುಗೀತು," ಅಂದೆ ನಾನು ಸಂತೋಷದಿಂದ.

"ಹಂಗಾದ್ರ ನನ್ನ ಮಾತೂ ಮುಗೀತು. ಶ್ರಾವಣದಾಗ ಯಾವ ದಿನ ಖಾಲಿ ಐತಿ ನೋಡೂಣು."

ಹುಡುಗಿ ಕಣ್ಣೊರೆಸಿಕೊಂಡು ಎದ್ದಳು. "ತಡಿ ಅಪ್ಪಾ, ನಾ ತೋರಸ್ತೀನಿ," ಅಂತ ಅವರ ಭುಜದ ಮೇಲಿಂದ ಬಗ್ಗಿ ಒಂದೇ ಒಂದು ಗುಂಡಿ ಒತ್ತಿದಳು. ನೋಡನೋಡುತ್ತಿದ್ದಂತೆ ಇಡೀ ಶ್ರಾವಣ ಮಾಸ ಕೆಂಪಾಯಿತು. "ಒಂದ್ ದಿನಾನೂ ಖಾಲಿ ಇಲ್ಲಪ್ಪಾ," ಅಂದಳು.

ಆಗ ಅಪ್ಪನ ಜೇಬಿನಲ್ಲಿ ಮೊಬೈಲು ಟಿಣ್ ಅಂದಿತು. ಮತ್ತೆ ಟಿಣ್. ಆಮೇಲೆ ನಿಲ್ಲಲೇ ಇಲ್ಲ. ಅವರು ತೆಗೆದು ಓದಿದರು. ಶ್ರಾವಣದ ಪ್ರತಿ ದಿನವೂ ಅವರ ಮಗಳ ಮದುವೆ, ಪ್ರತಿ ದಿನವೂ ಅದೇ ವರ.

ಅವರು ಮೊಬೈಲ್ ನೋಡಿದರು, ಮೂಲೆಯಲ್ಲಿ ನಿಂತಿದ್ದ ಮೂರನೆಯವನನ್ನು ನೋಡಿದರು, ಕೊನೆಗೆ ಮಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು, "ಸಾಕ್ ಮಾಡವಾ. ಮೊದಲ ನೌಕರಿನ ಮಾಡು," ಅಂದರು.

ಇಡೀ ಸೆಮಿಸ್ಟರಿನಲ್ಲಿ ಯಾರೂ ಕೇಳದೆ ಬಾಯಿ ತೆರೆಯದಿದ್ದ ಮೂರನೆಯವನು ಆಗ ತಾನಾಗಿಯೇ ಒಂದು ಹೆಜ್ಜೆ ಮುಂದೆ ಬಂದ.

"ಹಂಗಾದ್ರೆ ಅಂಕಲ್," ಅಂದ, "ನಾನಿನ್ನು ಹೋಗ್ಬಹುದಾ?"